ನನ್ನ ಸೈಕಲ್ಲಿಗೆ ಗಂಡನ ಅಳತೆ

“ಸರ, ನೀವು ಕುಂದರ್ರಿ, ಸೀಟಿನ ಎತ್ತರ ಹೊಂದಸ್ತೇನಿ,” ಎಂದು ಇಂಡಿ ಪಟ್ಟಣದ ಸೈಕಲ್ ಅಂಗಡಿಯವನು ನನ್ನ ಗಂಡನನ್ನು ಕರೆದ. ಬ್ಯಾಟರಿ ಸೈಕಲ್ ಕೊಂಡವಳು ನಾನು, ನಮ್ಮೂರು ಸಾಲೋಟಗಿಯಿಂದ ದಿನಾ ಕೆಲಸಕ್ಕೆಂದು ಶಾಲೆಗೆ ಓಡಿಸಬೇಕಾದವಳೂ ನಾನು. ಹಾಗಂತ ಹೇಳಿಯೂ ಹೇಳಿದೆ. “ಇರ್ಲಿ ಬಿಡ್ರಿ ಅಕ್ಕಾರ, ಸಾಹೇಬ್ರಿಗಿ ಸರಿ ಆದ್ರ ನಿಮಗೂ ಆಗ್ತೈತಿ,” ಎಂದವನೇ ಆರಡಿ ಎತ್ತರದ ಇವರಿಗೆ ಹೊಂದಿಸಿ ಬಿಗಿದೇಬಿಟ್ಟ. ಇವರೂ ಹೂಂಗುಟ್ಟಿದರು.

ಅಂಗಡಿಯ ಮುಂದೆಯೇ ಒಂದು ಸುತ್ತು ಹಾಕಿ ಬ್ರೇಕ್ ಹಿಡಿದೆ. ಕಾಲು ನೆಲಕ್ಕೆ ಎಟುಕಲೇ ಇಲ್ಲ. ಬ್ಯಾಟರಿಯ ಭಾರಕ್ಕೆ ಸೈಕಲ್ ವಾಲಿ ನನ್ನ ಮೊಣಕಾಲಿನ ಮೇಲೇ ಬಿತ್ತು. ಓಡಿ ಬಂದ ಇಬ್ಬರೂ ಮೊದಲು ಎತ್ತಿ, ಒರೆಸಿ ನೋಡಿದ್ದು ಸೈಕಲ್ಲನ್ನು! ಮೈಯೆಲ್ಲ ಉರಿದುಹೋಯಿತು. ಅಂಗಡಿಯವನ ಕೈಯಿಂದ ನಟ್ಟು ತಿರುಗಿಸುವ ಪಾನಾ ಕಸಿದುಕೊಂಡು ಸೀಟನ್ನು ನಾನೇ ಇಳಿಸಿದೆ.

ಮೊಣಕಾಲು ವಾಸಿಯಾಯಿತು. ಸಿಟ್ಟು ಇಳಿದಿಲ್ಲ, ಆ ಪಾನಾವನ್ನು ಇವತ್ತಿಗೂ ವಾಪಸು ಕೊಟ್ಟಿಲ್ಲ.