ಶಿವದೇವಿ ಸಾಕು ಅನ್ನಲಿಲ್ಲ

ಸ್ನೇಹಲತಾಳ ಮುತ್ತಜ್ಜ ಬೂದೆಪ್ಪ ಲಿಂಗಸುಗೂರು ಕಡೆಯಿಂದ ಬರಿಗಾಲಲ್ಲಿ ಬಂದು ತೆಲುಗು ಸೀಮೆಯ ಜೀಡಿಮೆಟ್ಲಾದ ಮೊದಮೊದಲ ಕಾರ್ಖಾನೆಗಳಿಗೆ ಅಡಿಪಾಯ ತೋಡಿದವನು. ಅವನ ಮಗ ಅಮರೇಶಪ್ಪ ಆಸಿಡ್ ಟ್ಯಾಂಕರ್ ಓಡಿಸುತ್ತಿದ್ದ. ಬ್ರೇಕು ಹೋದ ದಿನ ಗಾಡಿಯನ್ನು ಜನರ ಮೇಲೆ ಬಿಡದೆ ಬಂಡೆಗಲ್ಲಿಗೆ ಗುದ್ದಿಸಿ ಎಡಗೈ ಕಳೆದುಕೊಂಡ. ಅಮರೇಶಪ್ಪನ ಮಗಳು ಶಿವದೇವಿ ಔಷಧಿ ಕಾರ್ಖಾನೆಯಲ್ಲಿ ಸೀಸೆ ತೊಳೆದು, ಗಂಡ ತೀರಿದ ಮೇಲೂ ಎದೆಗುಂದದೆ, ಒಬ್ಬಳೇ ಮಗಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದಳು. ಆ ಮಗಳೇ ಸ್ನೇಹಲತಾ.

ಅವಳಿಗೆ ಹದಿನೇಳು ತುಂಬುವ ಹೊತ್ತಿಗೆ ಅಲ್ಲಿಯ ಬಯಲು ಗಾಳಿ ಕೆಟ್ಟು ಕೆರ ಹಿಡಿದಿತ್ತು. ವಾರಕ್ಕೆರಡು ಸಲ ಸೈರನ್ ಕೂಗುತ್ತಿತ್ತು. ಕೂಗಿದ ಕೂಡಲೇ ಎಲ್ಲರೂ ತಂತಮ್ಮ ಮನೆಯ ಉಸಿರುಕೋಣೆ ಹೊಕ್ಕು ಬಾಗಿಲೆಳೆದುಕೊಳ್ಳಬೇಕು. ಸೈರನ್ ನಿಲ್ಲುವ ತನಕ ಆ ಕಬ್ಬಿಣದ ಬಾಗಿಲು ತೆರೆಯುವುದಿಲ್ಲ. ಒಳಗೆ ಯಂತ್ರವೊಂದು ತೊಳೆದ ಗಾಳಿ ಬಿಡುತ್ತದೆ, ಆಗಾಗ ತೆಲುಗಿನಲ್ಲಿ ಕೇಳುತ್ತದೆ: “ಗಾಲಿ ಕಾವಾಲಾ?” ಗಾಳಿ ಬೇಕೇ ಎಂದು. ಬೇಕೆನ್ನಲು ಕಾವಾಲಿ ಎಂದರೆ ಬಿಡುತ್ತದೆ, ಸಾಕೆಂದು ತೆಲುಗಿನಲ್ಲೇ ಹೇಳಿದರೆ ನಿಲ್ಲಿಸುತ್ತದೆ.

ಮೊದಲ ದಿನ ಶಿವದೇವಿ ಬಿದ್ದುಬಿದ್ದು ನಕ್ಕಿದ್ದಳು. “ಗಾಲಿ ಬೇಕೇನು ಅಂತ ಕೇಳಾಕತ್ತೈತಿ ನೋಡವಾ. ಬಂಡಿ ಎಲ್ಲೈತಿ ಅಂತ ಕೇಳು.”

“ಸುಮ್ನಿರಬೇ ಯವ್ವಾ, ಅದಕ್ಕ ಚಾಷ್ಟಿ ತಿಳಿಯಂಗಿಲ್ಲ.” ಅಂದಿನಿಂದ ಯಂತ್ರಕ್ಕೆ ಉತ್ತರ ಕೊಡುವ ಕೆಲಸ ಮಗಳದಾಯಿತು.

ಆಷಾಢದ ಒಂದು ಮಧ್ಯಾಹ್ನ ಸೈರನ್ ಕೂಗಿದಾಗ ಸ್ನೇಹಲತಾ ಕಾಲೇಜಿನಲ್ಲಿದ್ದಳು. ಅಲ್ಲಿಯ ಕೋಣೆ ಸೇರಿ ಬದುಕಿದಳು. ಮನೆಗೆ ಬಂದರೆ ತಾಯಿಯನ್ನು ಉಸಿರುಕೋಣೆಯಿಂದ ಹೊರತಂದು ಅಂಗಳದಲ್ಲಿ ಮಲಗಿಸಿ ಮುಖ ಮುಚ್ಚಿದ್ದರು. ಏನಾಯಿತೆಂದು ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮೂರನೆಯ ದಿನ ಗಾಳಿ ಇಲಾಖೆಯ ಕೌಸ್ತುಭ ಬಂದ. ಮೂರು ತಲೆಮಾರಿನಿಂದ ಸರ್ಕಾರಿ ಚಾಕರಿಯ ಮನೆತನ. ಅವನ ಮನೆಮಾತೂ ಕನ್ನಡವೇ. ಯಂತ್ರ ಹಿಡಿದಿಟ್ಟಿದ್ದ ಆ ಮಧ್ಯಾಹ್ನದ ಧ್ವನಿ ಕೇಳಿಸಿದ. “ಗಾಲಿ ಕಾವಾಲಾ?” ಎಂದಿತು ಯಂತ್ರ. “ಚಾಲು ಇರಲಿ” ಎಂದಳು ಶಿವದೇವಿ. ಗಾಳಿಯ ಸದ್ದು ನಿಂತಿತು. ಆಮೇಲೆ ಕೆಮ್ಮು. “ಚಾಲು ಮಾಡಪಾ... ಚಾಲು ಮಾಡು...”

ಸಂತೆಯಲ್ಲಿ ಸಲೀಸಾಗಿ ತೆಲುಗು ಆಡುತ್ತಿದ್ದವಳಿಗೆ ಹೆದರಿಕೆಯಲ್ಲಿ ಮನೆಮಾತೇ ಬಾಯಿಗೆ ಬಂದಿತ್ತು. ನಮ್ಮ ಕಡೆ ಚಾಲು ಎಂದರೆ ನಡೆಯುತ್ತಿರುವುದು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಅವಳು ಅಂಗಲಾಚಿದಷ್ಟೂ ಸಲ ಯಂತ್ರಕ್ಕೆ ಸಾಕೆಂದೇ ಕೇಳಿಸಿತ್ತು.

“ಆಕಿನೇ ಗಾಳಿ ಬ್ಯಾಡಂದ್ಲು ಅಂತ ವರದಿ ಆಗ್ಯದ,” ಎಂದು ಕೌಸ್ತುಭ ಕಾಗದ ಚಾಚಿದ. “ಒಂದು ಸಹಿ ಮಾಡು ತಂಗಿ.”

“ನಿಮ್ಮ ಮನ್ಯಾಗ ಫ್ಯಾನ್ ಹಚ್ಚಾಕ ಏನಂತೀರಿ ಸಾಹೇಬ್ರ?”

ಅವನು ಕನ್ನಡಕ ತೆಗೆದು ಒರೆಸಿದ. “ಚಾಲು ಮಾಡು ಅಂತೀವಿ. ನನಗ ತಿಳೀತದ. ಆದ್ರ ಯಂತ್ರದ ತಪ್ಪು ಅಂತ ಬರದ್ರ ಊರಾಗಿನ ಎಲ್ಲಾ ಯಂತ್ರ ಬಿಚ್ಚಬೇಕಾಗ್ತದ. ಮ್ಯಾಲಿನವರು ಒಪ್ಪಂಗಿಲ್ಲ.”

“ಈ ಓಣ್ಯಾಗ ನಲವತ್ತು ಮನಿ ನಮ್ಮ ಕನ್ನಡದವರವು ಅದಾವು. ಅವರಿಗೆ ಇದನ್ನ ಹೇಳೀರೇನು?”

“ನಿನ್ನಷ್ಟಕ್ಕ ನೀ ನೋಡ್ಕೋ. ಮಣಿಕೊಂಡದಾಗ ಕೋಣಿ ಕೊಡಸ್ತೀನಿ. ಅಲ್ಲಿ ಸೈರನ್ ಇಲ್ಲ. ನಿನ್ನ ಓದಿನ ಭಾರ ನನಗಿರಲಿ.”

ಅಷ್ಟರಲ್ಲಿ ಸೈರನ್ ಕೂಗಿತು. ಕೌಸ್ತುಭ ಮೂಗಿಗೆ ಮುಖವಾಡ ಬಿಗಿದು ಎದ್ದ. ಅವನ ಗಾಡಿಯೊಳಗೆ ಗಾಳಿ ತುಂಬಿಟ್ಟಿತ್ತು. ಓಣಿಯುದ್ದಕ್ಕೂ ಕಬ್ಬಿಣದ ಬಾಗಿಲುಗಳು ಒಂದೊಂದಾಗಿ ಬಡಿದುಕೊಳ್ಳತೊಡಗಿದವು.

“ಸಹಿ ಆಮ್ಯಾಲ ನೋಡೋಣು, ಮೊದಲ ಗಾಡ್ಯಾಗ ಕೂಡು! ಸಾಯ್ತೀ ಹುಚ್ಚಿ!” ಎಂದು ಅವಳ ರಟ್ಟೆ ಹಿಡಿದ.

ಸ್ನೇಹಲತಾ ತನ್ನ ಓಢಣಿಯನ್ನು ಕೊಡದ ನೀರಿನಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡಳು.

“ಕೈ ಬಿಡ್ರಿ ಸಾಹೇಬ್ರ. ನಿಮ್ಮ ಗಾಡಿ ಬ್ಯಾಡ, ಮಣಿಕೊಂಡಾನೂ ಬ್ಯಾಡ. ಎದುರುಮನಿ ಅನ್ನಮ್ಮಾಯಿ ಹೋದ ವಾರ ಊರಿಂದ ಬಂದಾಳ, ತೆಲುಗು ಒಂದಕ್ಷರ ಬರಂಗಿಲ್ಲ. ಬಾಗಲಾ ಹಾಕ್ಕೊಳ್ಳೂದ್ರೊಳಗ ನಾ ಆಕಿ ಕಡೆ ಮುಟ್ಟಬೇಕು.”