ಅಕ್ಕನ ಕೊಟ್ಟಿಗೆಯ ನೀರು

ಅಕ್ಕನ ತೋಟದ ಮನೆ ಘೋಡಗೇರಿ ಕಡೆಗೆ, ಹಳ್ಳದ ದಂಡೆಯ ಮೇಲಿದೆ. ಆ ಬೇಸಿಗೆ ನಾನು ಹೋದಾಗ ಅವಳು ಕೊಡದಲ್ಲಿದ್ದ ಹಾಲನ್ನೆಲ್ಲ ಕೊಟ್ಟಿಗೆಯ ಗಟಾರಕ್ಕೆ ಸುರಿಯುತ್ತಿದ್ದಳು. ದೊಡ್ಡ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು.

“ಇಂಜೆಕ್ಷನ್ ನಡದಾವ. ಈ ಹಾಲು ಡೇರಿಯವರು ತಗೋಳಂಗಿಲ್ಲ,” ಅಂದಳು. “ಕರಕ್ಕೂ ಕುಡಿಸಬಾರದಂತ. ಮತ್ತೆಲ್ಲಿ ಹಾಕ್ಲಿ?”

ಬೆಳ್ಳಗಿನ ನೀರು ಗೋವಿನಜೋಳದ ಬದುವಿನಗುಂಟ ಹರಿದು ಹಳ್ಳ ಸೇರುತ್ತಿತ್ತು. ಅಲ್ಲಿ ಅಕ್ಕನ ಗಂಡ, ನನ್ನ ಮಾಮಾ, ಮೋಟಾರಿನ ಪೈಪಿಗೆ ಸಿಕ್ಕ ಕಸ ಬಿಡಿಸುತ್ತ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಬರಿಗಾಲು.

ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದುದು ಇದರ ಬಗ್ಗೆಯೇ: ನೀರಿನಲ್ಲಿ ಸೇರಿದ ಆಂಟಿಬಯೋಟಿಕ್ ಔಷಧಿಯನ್ನು ಬೆಳಕಿನಿಂದ ಒಡೆಯುವುದು. ಯೂರಿಯಾವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಭಟ್ಟಿಯಲ್ಲಿ ಕಾಯಿಸಿದರೆ ಹಳದಿ ಪುಡಿ ಸಿಗುತ್ತದೆ. ಅದನ್ನು ಕಣ್ಣಿಗೆ ಕಾಣದಷ್ಟು ತೆಳುವಾದ ನ್ಯಾನೊ ಹಾಳೆಗಳಾಗಿ ಬಿಡಿಸಬೇಕು. ಬಿಸಿಲು ಬಿದ್ದಾಗ ಅವು ತಮಗೆ ತಾಗಿದ ಔಷಧಿಯನ್ನು ತುಂಡರಿಸುತ್ತವೆ. ಲ್ಯಾಬಿನಲ್ಲಿ ನಾನೇ ನೀರಿಗೆ ಔಷಧಿ ಹಾಕಿ, ನಾನೇ ತೆಗೆಯುತ್ತಿದ್ದೆ. ಈ ಸಲ ಹಳ್ಳದ ನೀರು ಒಯ್ದು ನೋಡಿದೆ. ಎಮ್ಮೆಗೆ ಚುಚ್ಚಿದ ಔಷಧಿ ಅದರಲ್ಲಿತ್ತು. ಅಕ್ಕ ಎಂದೂ ತರಿಸದ ಇನ್ನೆರಡು ಔಷಧಿಗಳೂ ಇದ್ದವು.

ಮುಂದಿನ ಸಲ ಗಾಜಿನ ಫಲಕಗಳಿಗೆ ಪುಡಿ ಲೇಪಿಸಿಕೊಂಡು ಬಂದೆ. ಹಾಲು ಬೆರೆತ ನೀರಿನಲ್ಲಿ ಬೆಳಕು ಇಳಿಯುವುದಿಲ್ಲ. ಅದಕ್ಕೆ ಡ್ರಮ್ಮಿನಲ್ಲಿ ಹಾಲು ಒಡೆಯಲು ಬಿಟ್ಟು, ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಫಲಕ ಹಾಸಿದ ತೊಟ್ಟಿಗೆ ಬಿಟ್ಟೆವು.

“ಹೊಲಕ್ಕ ಹಾಕೋ ಯೂರಿಯಾ ಹುರದ ತಂದೀಯಲ್ಲ,” ಎಂದು ಮಾಮಾ ನಕ್ಕರು. ಅವರು ಎಡಗಾಲನ್ನು ಪೂರಾ ಊರುತ್ತಿರಲಿಲ್ಲ. ಹಳ್ಳದ ಬಾಜೂ ಕಬ್ಬಿನ ಕೂಳೆ ಚುಚ್ಚಿತ್ತಂತೆ. “ಅರಿಷಿಣ ಹಚ್ಚೇನಿ. ಹೋಗತೈತಿ ಬಿಡು.”

ತೊಟ್ಟಿಯ ನೀರನ್ನು ಬಾಟಲಿಗಳಲ್ಲಿ ಬೆಳಗಾವಿಗೆ ಒಯ್ದು ಪರೀಕ್ಷಿಸಿದೆ. ತೊಟ್ಟಿ ಕೆಲಸ ಮಾಡಿತ್ತು. ಬಿರುಬಿಸಿಲಿನಲ್ಲಿ ನಿಂತ ನೀರಿನೊಳಗಿನ ಔಷಧಿ ಸಂಜೆಯ ಹೊತ್ತಿಗೆ ಬಹುಮಟ್ಟಿಗೆ ಇಳಿದಿತ್ತು. ಅದನ್ನು ಹೇಳಲು ಫೋನ್ ಮಾಡಿದಾಗ ಅಕ್ಕ ನನ್ನ ಮಾತು ಮುಗಿಯಗೊಡಲಿಲ್ಲ.

“ಅವರ ಕಾಲು ಮೊಣಕಾಲತನಕ ಬಾತೈತಿ. ಮೂಡಲಗಿ ಡಾಕ್ಟರ್ ಕೊಟ್ಟ ಗುಳಿಗಿ ನಡೀಲಿಲ್ಲ. ಹುಕ್ಕೇರಿಯೊಳಗ ಬ್ಯಾರೇ ಕೊಟ್ರು. ಜ್ವರ ಇಳೀವಲ್ದು.”

ಗೋಕಾಕದ ಆಸ್ಪತ್ರೆಗೆ ನಾನು ಮುಟ್ಟಿದಾಗ ಮಾಮಾಗೆ ನನ್ನ ಗುರುತು ಹತ್ತಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಕೀವಿನ ಪರೀಕ್ಷೆಯ ಫಲಿತಾಂಶ ಹೇಳಿದರು.

“ಸಾದಾ ಔಷಧಿ ಯಾವೂ ಈ ಕ್ರಿಮಿಗೆ ತಾಗವಲ್ಲವು. ಒಂದೆರಡು ಉಳದಾವ, ನೋಡೂಣು.”

ತಾಗದ ಔಷಧಿಗಳ ಹೆಸರು ಹೇಳುತ್ತ ಹೋದರು. ಹಳ್ಳದ ನೀರಿನಲ್ಲಿ ನಾನು ಕಂಡ ಮೂರೂ ಅದರಲ್ಲಿದ್ದವು.

“ಇದು ಹಳ್ಳದಿಂದನ ಬಂತೇನ್ರಿ?”

“ಬಂದಿರಬಹುದು. ಹಂಗಂತ ಖರೆ ಹೇಳಾಕ ಬರಂಗಿಲ್ಲ.”

ದಿನವೂ ಚೂರು ಚೂರು ಔಷಧಿ ತಿಂದ ಕ್ರಿಮಿ ಅದಕ್ಕೆ ಪಳಗಿಬಿಡುತ್ತದೆ. ನನ್ನ ಪುಡಿ ತೊಟ್ಟಿಯೊಳಗಿನ ಔಷಧಿಯನ್ನು ಒಡೆಯಬಲ್ಲದು. ಹಳ್ಳದ ಕೆಸರಿನಲ್ಲಿ ಆಗಲೇ ಪಳಗಿ ಕೂತದ್ದನ್ನು ಅದೇನೂ ಮಾಡಲಾರದು. ಅಕ್ಕ ಮಾಮಾನ ತುಟಿಗೆ ಚಮಚದಿಂದ ಗಂಜಿ ಹಿಡಿಯುತ್ತಿದ್ದಳು. ನಾನು ಗಂಜಿಯ ಬಟ್ಟಲು ಹಿಡಿದು ಅವಳ ಪಕ್ಕಕ್ಕೆ ಕೂತೆ.

ಉಳಿದ ಔಷಧಿಗಳಲ್ಲಿ ಒಂದು ತಾಗಿತು. ಕಾಲಿನ ಎರಡು ಬೆರಳು ತೆಗೆದರು. ಮಾಮಾ ಮನೆಗೆ ಬಂದರು. ಈಗ ರಬ್ಬರ್ ಬೂಟಿಲ್ಲದೆ ಹಳ್ಳಕ್ಕೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಎಮ್ಮೆಗೂ ಬಾವು ಬಂತು. ಮೋಡ ಕವಿದ ದಿನಗಳಲ್ಲಿ ತೊಟ್ಟಿಯ ನೀರಿನಲ್ಲಿ ಔಷಧಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತಿತ್ತು. ಹುಳಿ ನಾರುವ ಡ್ರಮ್ಮಿಗೆ ಮುಚ್ಚಳ ಹಾಕಿ ಅಕ್ಕ ಬಿಸಿಲಿಗೆ ಕಾಯುತ್ತಿದ್ದಳು.

ಮಳೆಗಾಲ ಕಳೆದು ಹಳ್ಳ ತಿಳಿಯಾದ ಮೇಲೆ, ಅಕ್ಕ ತರಿಸದ ಆ ಎರಡು ಔಷಧಿ ನೀರಿಗೆ ಎಲ್ಲಿಂದ ಬಂದವೆಂದು ನೋಡಲು ದಂಡೆಗುಂಟ ಮೇಲಕ್ಕೆ ನಡೆದೆ. ಕೊಟ್ಟಿಗೆಗಳು, ಕೋಳಿ ಶೆಡ್ಡುಗಳು, ಮತ್ತೆ ಕೊಟ್ಟಿಗೆಗಳು. ಎಲ್ಲದರ ಗಟಾರವೂ ಹಳ್ಳಕ್ಕೇ. ಒಂದು ಕಡೆ ಹೆಂಗಸೊಬ್ಬಳು ಗೋಕಾಕದ ಸಂತೆಗೆಂದು ಮೆಂತ್ಯೆ ಸೊಪ್ಪಿನ ಸಿವುಡು ತೊಳೆಯುತ್ತಿದ್ದಳು. ನಾನು ಬಾಟಲಿ ತುಂಬುವುದನ್ನು ಕಂಡು ಯಾಕೆಂದು ಕೇಳಿದಳು. ನೀರಿನಲ್ಲಿ ದನದ ಔಷಧಿ ಐತಿ, ಔಷಧಿಗೆ ಜಗ್ಗದ ಕ್ರಿಮಿನೂ ಇರಬಹುದು ಅಂದೆ.

“ತಳ ಕಾಣಾಕತ್ತೈತಲ್ರಿ ಅಕ್ಕಾರ,” ಅಂದಳು.

ಖರೆ, ಒಂದೊಂದು ಹರಳೂ ಕಾಣುತ್ತಿತ್ತು. ಮಾಮಾನ ಕಾಲಿನ ಕತೆ ಹೇಳಿದೆ. ಅವಳು ತನ್ನ ಒಡೆದ ಅಂಗೈ ನೋಡಿಕೊಂಡಳು. ಅಷ್ಟರಲ್ಲಿ ರಸ್ತೆಯ ಮೇಲಿಂದ ಸಂತೆಗೆ ಹೋಗುವ ಟಂಟಂ ಗಾಡಿ ಹಾರ್ನ್ ಹೊಡೆಯಿತು. ಅವಳು ಉಳಿದ ಸಿವುಡುಗಳನ್ನು ನೀರಿನಲ್ಲಿ ಅದ್ದಿ ತೆಗೆದು, ಬುಟ್ಟಿ ತಲೆಯ ಮೇಲಿಟ್ಟುಕೊಂಡು ದಂಡೆ ಹತ್ತಿದಳು.