ಅಕ್ಕ ಕೊರಿಯನ್ ಕೋಳಿ ತಿಂದದ್ದು

ದಾಂಡೇಲಿಯಲ್ಲಿ ಕೊರಿಯನ್ ಚಿಕನ್ ಹೋಟೆಲು ತೆರೆದ ಸುದ್ದಿ ನನಗೆ ಮುಟ್ಟಿದ್ದು ದೂರದ ಊರು ಮಳಗಿಯಿಂದ. ನಾನಿರುವ ಅಂಬೇವಾಡಿಯಿಂದ ಆ ಹೋಟೆಲಿಗೆ ನಡೆದೇ ಹೋಗಬಹುದು. ಆದರೂ ಹೇಳಿದವಳು ಮಳಗಿಯಲ್ಲಿರುವ ಅಕ್ಕನ ಮಗಳು. ಅವಳು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಾಳೆ. ಅಲ್ಲಿ ಯಾರಿಗಾದರೂ ಬೇಜಾರಾದರೆ ಕರಿದ ಕೋಳಿ ತಿನ್ನುತ್ತಾರಂತೆ. ನಮ್ಮ ಮನೆತನದಲ್ಲಿ ಬೇಜಾರಾದರೆ ಊಟ ಬಿಡುವುದು ರೂಢಿ.

ಅವಳ ಲಗ್ನ ಗೊತ್ತಾಗಿತ್ತು. ಪತ್ರಿಕೆ ಕೊಡಲು ತಾಯಿ ಮಗಳು ಬಸ್ಸು ಬದಲಿಸುತ್ತ ನಮ್ಮ ಮನೆಗೆ ಬಂದರು. ಬಂದವಳೇ ಹುಡುಗಿ, ಲಗ್ನಕ್ಕೆ ಮುಂಚೆ ಒಂದು ಸಲ ಆ ಕೋಳಿ ತಿನ್ನಲೇಬೇಕು ಎಂದಳು. ಪುಣ್ಯಕ್ಕೆ ಆ ದಿನ ಸೋಮವಾರ ಆಗಿರಲಿಲ್ಲ.

ಅವಳು ಜಳಕಕ್ಕೆ ಹೋದಾಗ ಅಕ್ಕ ಅಡುಗೆಮನೆಗೆ ಬಂದು ನನ್ನ ಹತ್ತಿರ ನಿಂತಳು. ಬಂದ ನಿಜವಾದ ಕೆಲಸ ಪತ್ರಿಕೆ ಕೊಡುವುದಲ್ಲ ಎಂದು ಆಗ ತಿಳಿಯಿತು.

"ಭೂಮದ ಊಟಕ್ಕ ನನ್ನ ಬದಲಿ ನೀ ಕೂಡು," ಎಂದಳು. "ಬೀಗತಿ ಮುಂದ ಈ ಕೈ ತಾಟಿಗೆ ಹಾಕಾಕ ನನಗ ಆಗೂದಿಲ್ಲ."

ಭೂಮ ಎಂದರೆ ನಮ್ಮ ಕಡೆಯ ಲಗ್ನದ ಊಟ. ಗಂಡಿನವರು, ಹೆಣ್ಣಿನವರು ಒಂದೇ ದೊಡ್ಡ ತಾಟಿನ ಸುತ್ತ ಕೂತು ಒಟ್ಟಿಗೆ ಕೈಹಾಕಿ ಉಣ್ಣಬೇಕು. ಅಕ್ಕನ ಬಲಗೈ ಬೆರಳುಗಳು ಹಲವು ವರ್ಷಗಳಿಂದ ಬಿಳಿಯಾಗಿವೆ. ತೊನ್ನು. ಅಂಟುವ ಕಾಯಿಲೆ ಅಲ್ಲ ಎಂದು ಡಾಕ್ಟರು ಹೇಳಿದರು. ಊರಿನವರೂ ಅಂಟುವುದಿಲ್ಲ ಬಿಡು ಎಂದರು, ಹಾಗೆ ಹೇಳುತ್ತಲೇ ತಮ್ಮ ತಾಟನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಅಂದಿನಿಂದ ಅಕ್ಕ ಯಾರ ಮನೆಯ ಪಂಕ್ತಿಯಲ್ಲೂ ಕೂತಿಲ್ಲ. ಬಡಿಸುವವರ ಹಿಂದೆ ಓಡಾಡಿ, ಕೊನೆಗೆ ಖಾಲಿ ಪಾತ್ರೆಗಳ ಮಗ್ಗುಲಲ್ಲಿ ಒಬ್ಬಳೇ ಉಣ್ಣುತ್ತಾಳೆ. ಎಷ್ಟು ದುಡಿಯುತ್ತಾಳೆ ನೋಡಿ ಎಂದು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಬೀಗರು ಎಲ್ಲ ನೋಡಿಯೇ ಒಪ್ಪಿದವರಲ್ಲವೇ ಎಂದೆ. ನೋಡುವುದು ಬೇರೆ, ಒಂದೇ ತಾಟಿನಲ್ಲಿ ಉಣ್ಣುವುದು ಬೇರೆ ಎಂದಳು. ನೋಡೋಣ ಎಂದು ಈರುಳ್ಳಿ ಹೆಚ್ಚತೊಡಗಿದೆ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಆಯಿತು ಎಂದೇ ಅರ್ಥ. ಅಕ್ಕನ ಮುಖ ಹಗುರಾಯಿತು. ನನಗೆ ಮಾತ್ರ ಅಳು ಬಂತು. ಕೈಯಲ್ಲಿ ಈರುಳ್ಳಿ ಇದ್ದದ್ದರಿಂದ ವಿವರಣೆ ಕೊಡುವ ಪ್ರಸಂಗ ಬರಲಿಲ್ಲ.

ಸಂಜೆ ಮೂವರೂ ಹೋದೆವು. ಬೋರ್ಡಿನ ಮೇಲೆ ಕೋಳಿಯೊಂದು ನಗುತ್ತಿತ್ತು. ತನ್ನನ್ನೇ ಕರಿಯುವ ಅಂಗಡಿಯ ಮೇಲೆ ನಿಂತು ಅಷ್ಟು ಸಂತೋಷಪಡುವ ಪ್ರಾಣಿಯನ್ನು ನಾನು ನೋಡಿರಲಿಲ್ಲ. ಅಕ್ಕ ತನಗೆ ಏನೂ ಬೇಡ, ನೀವು ತಿನ್ನುವುದನ್ನು ನೋಡುತ್ತ ಕೂರುತ್ತೇನೆ ಎಂದಳು. ಹುಡುಗಿ ಅವಳ ಮಾತು ಕೇಳಿಸದವಳಂತೆ ಮೂವರಿಗೂ ಸೇರಿಸಿ ತರಲು ಹೇಳಿದಳು. ಬಡಿಸುವವನು ಜೊಯಿಡಾ ಕಡೆಯವನು, ಗೋವಾದಲ್ಲಿ ಕೆಲಸ ಕಲಿತು ಬಂದಿದ್ದನಂತೆ. ಮೂವರ ನಡುವೆ ಒಂದೇ ದೊಡ್ಡ ತಾಟು ಇಟ್ಟ. ಜೊತೆಗೆ ಹುಳಿಯಲ್ಲಿ ನೆನೆಸಿದ ಮೂಲಂಗಿ ಹೋಳು. ಮೂಲಂಗಿಯನ್ನು ನಾವು ಹುಟ್ಟಿದಾಗಿನಿಂದ ರೊಟ್ಟಿಯ ಜೊತೆ ಕಡಿದು ತಿನ್ನುತ್ತಿದ್ದೇವೆ. ಅದಕ್ಕೆ ಕೊರಿಯಾ ಸುತ್ತಿ ಬರುವ ಅಗತ್ಯ ನನಗೆ ಕಾಣಲಿಲ್ಲ.

ಆಮೇಲೆ ಅವನು ಒಬ್ಬೊಬ್ಬರಿಗೆ ಒಂದೊಂದು ಜೊತೆ ಕರಿ ಪ್ಲಾಸ್ಟಿಕ್ಕಿನ ಕೈಗವಸು ಕೊಟ್ಟ. ಸಾಸು ಕೈಗೆ ಅಂಟುತ್ತದೆ, ಹಾಕಿಕೊಂಡು ತಿನ್ನಿರಿ ಎಂದ. ಕಾಲೇಜು ಹುಡುಗರು, ಕಾಗದದ ಮಿಲ್ಲಿನವರ ಸಂಸಾರಗಳು, ಸುತ್ತಲಿನ ಎಲ್ಲರ ಕೈಗಳೂ ಕರ್ರಗಿದ್ದವು. ಅಕ್ಕ ಒಂದು ಸುತ್ತು ಎಲ್ಲರನ್ನೂ ನೋಡಿದಳು. ನಂತರ ಕೈಗವಸು ತೊಟ್ಟು ತಾಟಿಗೆ ಕೈಹಾಕಿದಳು.

ಒಂದು ತುಂಡು ತಿಂದಳು, ಇನ್ನೊಂದು ತೆಗೆದುಕೊಂಡಳು. ನಾಲ್ಕು ಜನರ ನಡುವೆ ಕೂತು ಅಕ್ಕ ಉಣ್ಣುವುದನ್ನು ಎಷ್ಟೋ ವರ್ಷಗಳ ಮೇಲೆ ಕಂಡೆ. ಕೋಳಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ನೆನಪಿಲ್ಲ.

ಹುಡುಗಿಯೂ ನೋಡುತ್ತಿದ್ದಳು. ನನ್ನ ಕಿವಿಯ ಹತ್ತಿರ ಬಾಗಿ, ಅಕ್ಕನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಪಿಸುಗುಟ್ಟಿದಳು: "ಭೂಮಕ್ಕ ಎಲ್ಲಾರಿಗೂ ಇವನ್ನ ತರಿಸೂಣು, ಚಿಗವ್ವ. ಬೀಗರಿಗೂ. ಅಂದ್ರ ಅವ್ವ ಕೂಡ್ತಾಳ."

ಅಂದರೆ ಜಳಕದ ಮನೆಗೆ ಎಲ್ಲ ಕೇಳಿಸಿತ್ತು. ತಲೆಗೆ ಪಟಕಾ ಸುತ್ತಿದ ಬೀಗರ ಮನೆಯ ಹಿರಿಯರು ಕರಿ ಕೈಗವಸು ತೊಟ್ಟು ಹೋಳಿಗೆಗೆ ತುಪ್ಪ ಕಲಸುವುದನ್ನು ಕಲ್ಪಿಸಿಕೊಂಡೆ. ಹುಡುಗಿ ತಮಾಷೆ ಮಾಡುತ್ತಿರಲಿಲ್ಲ.

ಅಕ್ಕ ಬಾಯಲ್ಲಿದ್ದ ತುಂಡನ್ನು ಅಗಿದು ನುಂಗಿದಳು. ಆಮೇಲೆ ಬಲಗೈಯ ಕೈಗವಸು ಕಳಚಿ ಮೇಜಿನ ಮೇಲಿಟ್ಟಳು.

"ಎಲುಬ ಯಾವ್ದು, ಖಂಡ ಯಾವ್ದು, ಏನೂ ತಿಳಿವಲ್ದು," ಎಂದಳು.

ಆ ಬಿಳಿ ಬೆರಳುಗಳನ್ನೇ ತಾಟಿಗೆ ಹಾಕಿದಳು. ಎದುರು ಮೇಜಿನ ಹೆಂಗಸು ತಿನ್ನುವುದನ್ನು ನಿಲ್ಲಿಸಿ ನೋಡಿದಳು. ನಾನು ಆಕೆಯನ್ನು ನೋಡಿದೆ. ನೋಡುವುದರಲ್ಲಿ ನಾನೂ ಯಾರಿಗೂ ಕಡಿಮೆಯಿಲ್ಲ. ಆಕೆ ತನ್ನ ಕೋಳಿಯ ಕಡೆ ತಿರುಗಿದಳು.

"ಭೂಮಕ್ಕ ನಾನ ಕೂಡ್ತೇನಿ," ಎಂದಳು ಅಕ್ಕ. "ಮಗಳ ಲಗ್ನದಾಗ ಕೈಗೆ ಚೀಲ ಹಾಕ್ಕೊಂಡ ಉಣ್ಣಾಕ ನನಗೇನ ಆಗೈತಿ."

ಹಾಗೆಂದು ಎಲುಬು ಬಿಡಿಸಿದ ಒಂದು ಚೂರನ್ನು ಮಗಳ ಬಾಯಿಯ ಮುಂದೆ ಹಿಡಿದಳು. ಕೈ ಬಿಳಿಯಾದ ವರ್ಷ ಈ ಹುಡುಗಿಗೆ ತುತ್ತು ಹಾಕುವುದನ್ನು ಬಿಟ್ಟು ಚಮಚ ಕೊಟ್ಟಿದ್ದಳು. ಹುಡುಗಿ ಬಾಯಿ ತೆರೆದಳು. ಅಗಿಯುತ್ತ ಅಗಿಯುತ್ತ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. ಖಾರ ಹತ್ತಿತು ಎಂದಳು. ಅಕ್ಕ ಗಡಬಡಿಸಿ ನೀರು ಕೊಟ್ಟಳು.

ನಾವು ತರಿಸಿದ್ದು ಜೇನುತುಪ್ಪ ಸವರಿದ ಸಿಹಿ ಕೋಳಿ.